ಒರತೆಯಾಚೆಯ ಎಲ್ಲೆಗಿಡ

ಅಹೊಮಾಸೊ
೬ ಏಪ್ರಿಲ್ ೧೯೮೩

ಅಪೆಂಟೆಂಗ್,

ನಾನು ಅಸಾಬೆಯಾ. ಹೌದು, ಅದೇ ಅಸಾಬೆಯಾ, ಇನ್ನೂ ಬದುಕಿದ್ದೇನೆ. ನಿನ್ನ ಅಕ್ಕ ತೀರಿಕೊಂಡಾಗ ಬರೆದದ್ದೇ ಕೊನೆ, ಹನ್ನೊಂದು ವರ್ಷವಾಯಿತು. ಊರಿನಲ್ಲಿ ಬರೆಯುವ ಕಾಗದ ಸಿಗುತ್ತಿಲ್ಲ, ಹಾಗಾಗಿ ಚರ್ಚಿನ ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ಬರೆಯುತ್ತಿದ್ದೇನೆ. ತಿರುಗಿಸಿದರೆ ಕುರಿಮರಿಗಳ ಚಿತ್ರ ಇದೆ, ಬೇಕಾದರೆ ಗೋಡೆಗೆ ಅಂಟಿಸಿಕೋ.

ಬೆಂಕಿಯ ಸುದ್ದಿ ನೀನಿರುವ ಟಮಾಲೆಗೂ ಮುಟ್ಟಿರಬೇಕು. ಈ ವರ್ಷ ಘಾನಾದಲ್ಲಿ ಸುಡದ ಕಾಡೇ ಇಲ್ಲ ಎಂದು ರೇಡಿಯೊ ಹೇಳುತ್ತದೆ. ನಮ್ಮಲ್ಲಿಗೆ ಫೆಬ್ರವರಿಯಲ್ಲಿ ಒಣಗಾಳಿಯ ಬೆನ್ನು ಹತ್ತಿ ಬಂತು. ಯಾರೋ ಕಾಡಿಲಿಯನ್ನು ಹೊರಗೆಬ್ಬಿಸಲು ಹುಲ್ಲಿಗೆ ಕಿಡಿ ತಾಗಿಸಿದರಂತೆ. ಅಪ್ಪ ನೆಟ್ಟ ಕೋಕೋ ತೋಟ ಮೂರು ದಿನ ಉರಿಯಿತು, ತೋಟದ ಗುಡಿಸಲೂ ಹೋಯಿತು. ನಾಲ್ಕನೆಯ ದಿನ ಹೋಗಿ ನೋಡಿದೆ. ನೆಲವೆಲ್ಲ ಬೂದಿ. ಆ ಬೂದಿಯ ನಡುವೆ ನಮ್ಮ ಎಲ್ಲೆಗಿಡಗಳು ಮಾತ್ರ ಹಸಿರಾಗಿ, ಸಾಲಾಗಿ, ಏನೂ ಆಗಿಲ್ಲವೆಂಬಂತೆ ನಿಂತಿದ್ದವು. ಒಂದು ಗಿಡದ ಬುಡದಲ್ಲಿ ಕೂತು ಎಷ್ಟೋ ಹೊತ್ತು ಅದರ ಎಲೆ ಸವರುತ್ತಿದ್ದೆ.

ಉಳಿದದ್ದು ಒರತೆಯ ತಗ್ಗು ಒಂದೇ. ಅಲ್ಲಿ ನೆಲ ಜವುಗು, ಬೆಂಕಿ ಬಂಡೆಯ ತನಕ ಬಂದು ಹಿಂದಿರುಗಿತು. ನಲವತ್ತು ಕೋಕೋ ಮರ ಕಾಯಿ ಹೊತ್ತು ನಿಂತಿವೆ. ಮತ್ತೆ ತೋಟ ಕಟ್ಟಬೇಕೆಂದರೆ ಬೀಜಕ್ಕೆ ಅದೇ ಗತಿ, ನನಗೂ ಊರಿಗೂ.

ಆ ತಗ್ಗಿಗೇ ಈಗ ಕಣ್ಣು ಬಿದ್ದಿದೆ. ನಿನ್ನ ಸೋದರಳಿಯ ಒಬೆಂಗ್ ಈಗ ನಿಮ್ಮ ಮನೆತನದ ಯಜಮಾನ. ನೀನು ಊರು ಬಿಡದಿದ್ದರೆ ಆ ಪೀಠದಲ್ಲಿ ನೀನೇ ಕೂತಿರುತ್ತಿದ್ದೆ. ಹೋದ ವಾರ ಅಂಗಳಕ್ಕೆ ಬಂದು ನಿಂತ.

“ಅಮ್ಮಾ, ತಗ್ಗು ನಿಮ್ಗೆ ಮಾರಿದ್ದಲ್ಲ. ನಮ್ಮಜ್ಜ ಆಮೆಬಂಡೆವರ್ಗೆ ಮಾತ್ರ ಮಾರಿದ್ದು. ಬಂಡೆಯಿಂದ ಕೆಳಗೆ ನಮ್ದು.”

“ಎಲ್ಲೆಗಿಡ ನೋಡಪ್ಪಾ. ಒರತೆ ಆಚೆ, ಬೂರುಗದ ಮರದ ಬುಡದಲ್ಲಿದೆ.”

“ಗಿಡಕ್ಕೇನು ಬಾಯಿದ್ಯಾ? ಸಾಕ್ಷಿ ಕರ್ಸಿ.”

ಸಾಕ್ಷಿ ಎಂದರೆ ಉಳಿದಿರುವುದು ನಾವಿಬ್ಬರೇ. ಐವತ್ತೊಂಬತ್ತು ವರ್ಷದ ಕೆಳಗೆ, ಮಾರುವವರ ಕಡೆಯಿಂದ ನೀನು, ಕೊಳ್ಳುವವರ ಕಡೆಯಿಂದ ನಾನು. ಬೆನ್ನಿಗೆ ಬೆನ್ನು ಕೊಟ್ಟು ಬಗ್ಗಿ, ಕಾಲಿನ ಸಂದಿಯಿಂದ ಕೈ ಚಾಚಿ, ನೆಲ ಮಾರಿದ ಗುರುತಿಗೆ ಆರು ಕವಡೆಯ ದಾರವನ್ನು ಎಳೆದು ಹರಿದೆವು. ನಿನಗೆ ಮೂರು, ನನಗೆ ಮೂರು. ಸಾಯುವ ತನಕ ಮರೆಯಬಾರದೆಂದು ಇಬ್ಬರ ಕೆನ್ನೆಗೂ ಒಂದೊಂದು ಏಟು ಬಿತ್ತು, ಆಮೇಲೆ ಒಂದೊಂದು ಬೇಯಿಸಿದ ಮೊಟ್ಟೆ. ನೀನು ನನ್ನ ಮೊಟ್ಟೆಯನ್ನೂ ತಿಂದೆ.

ದೊರೆಯ ಅಂಗಳದಲ್ಲಿ ಪಂಚಾಯಿತಿ ಕೂರುತ್ತದೆ. ನೀನು ಬಂದು, ಎಲ್ಲೆಗಿಡ ಎಲ್ಲಿದೆಯೋ ಎಲ್ಲೆ ಅಲ್ಲೇ ಎಂದು ಒಂದು ಮಾತು ಹೇಳಿದರೆ ಮುಗಿಯಿತು. ನಿನ್ನ ಮೂರು ಕವಡೆ ತರಲು ಮರೆಯಬೇಡ.

ಅಸಾಬೆಯಾ


ಟಮಾಲೆ
೨೯ ಮೇ ೧೯೮೩

ಅಸಾಬೆಯಾ,

ನಿನ್ನ ಕುರಿಮರಿಗಳನ್ನು ಹೊಲಿಗೆ ಯಂತ್ರದ ಎದುರಿನ ಗೋಡೆಗೆ ಅಂಟಿಸಿದ್ದೇನೆ. ಪತ್ರ ಓದಬೇಕಾದಾಗಲೆಲ್ಲ ಕಿತ್ತು ಮತ್ತೆ ಅಂಟಿಸುತ್ತೇನೆ. “ಅಪ್ಪಾ, ಗೋಡೆ ಸುಣ್ಣ ಎಲ್ಲ ಕಿತ್ತು ಬರ್ತಿದೆ” ಎಂದು ಮಗಳು ಸನಾತು ಬೈಯುತ್ತಾಳೆ.

ಇಲ್ಲಿ ಮಧ್ಯಾಹ್ನ ಬೇವಿನ ಮರದ ಕೆಳಗೆ ಕೂತು ದೊಗಲೆ ಅಂಗಿ ಹೊಲಿಯುತ್ತೇನೆ. ಹೊಲಿಯುತ್ತಲೇ ನಿದ್ದೆ ಬರುತ್ತದೆ. ನಿನ್ನ ಪತ್ರ ಬಂದ ಮೇಲೆ ಒಂದೇ ಕನಸು. ಎಲ್ಲೆಗಿಡದ ಕಡಿದ ಕಾಂಡಗಳನ್ನು ತಲೆಯ ಮೇಲೆ ಹೊತ್ತು ನಡೆಯುತ್ತಿದ್ದೇನೆ. ನಡೆಯುತ್ತಿದ್ದಂತೆ ಅವು ತಲೆಯ ಮೇಲೇ ಚಿಗುರುತ್ತವೆ. ಎಲೆ ಕಣ್ಣಿಗೆ ಇಳಿಯುತ್ತದೆ, ದಾರಿ ಹಸಿರಾಗಿ ಬಿಡುತ್ತದೆ, ಕಾಲಿಗೆ ತಣ್ಣನೆಯ ನೀರು ತಾಗುತ್ತದೆ. ಅಷ್ಟರಲ್ಲಿ ಯಾವನೋ ಗಿರಾಕಿ ಬಂದು, “ತಾತ, ತೋಳು ಗಿಡ್ಡ ಆಯ್ತಲ್ಲ” ಎನ್ನುತ್ತಾನೆ.

ಒರತೆ ಹೇಗಿದೆ? ಆ ಕೆಂಪು ಕೊಂಡಿಯ ಏಡಿಗಳು ಇನ್ನೂ ಇವೆಯೇ? ಕೋಕೋ ಮರದ ಕಾಂಡದ ಮೇಲೇ ಹೂ ಬಿಡುವುದನ್ನು ಇಲ್ಲಿನವರಿಗೆ ಹೇಳಿದರೆ ನಂಬುವುದಿಲ್ಲ, ಮುದುಕನಿಗೆ ಅರಳುಮರುಳು ಎಂದುಕೊಳ್ಳುತ್ತಾರೆ. ನೀವು ಊರಿಗೆ ಬಂದ ಮೊದಲ ವಾರ ನೀನು ಗಡಿಗೆ ಹಿಡಿದು ಪೊದೆಯ ಹಿಂದೆ ನಿಂತಿದ್ದೆ. ಬೇರೆ ಸೀಮೆಯವಳು, ಬೇರೆ ಮಾತು, ನಾಚಿಕೆ. ನಮ್ಮಕ್ಕ ನೋಡಿ ಕೂಗಿದಳು, “ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ? ಬಾರೆ ಈಚೆ!” ನೀನು ಬಂದೆ. ಒರತೆಯ ಮರಳಿನ ಮೇಲೆ ಕಡ್ಡಿಯಿಂದ ಗೀಚಿ ನನಗೆ ಅಕ್ಷರ ಕಲಿಸಿದೆ. ಈಗ ಬರೆಯುತ್ತಿರುವುದೂ ಅದೇ ಅಕ್ಷರ. ಹಾಗಾಗಿ ಸೊಟ್ಟಗಿದ್ದರೆ ತಪ್ಪು ನಿನ್ನದು.

ನನ್ನ ಕಾಲು ಸರಿಯಿಲ್ಲ. ಲಾರಿಯಲ್ಲಿ ಎರಡು ದಿನ ಕೂರುವುದು ಆಗದ ಮಾತು.

ನನ್ನ ಮೂರು ಕವಡೆ ಸೂಜಿಯ ಡಬ್ಬಿಯಲ್ಲಿವೆ. ನಿನ್ನವು ಎಲ್ಲಿವೆ?

ಅಪೆಂಟೆಂಗ್


ಅಹೊಮಾಸೊ
೨೦ ಜೂನ್ ೧೯೮೩

ಅಪೆಂಟೆಂಗ್,

ಸಾಕ್ಷಿ ಹೇಳು ಬಾ ಎಂದರೆ ಕನಸು ಕಳಿಸಿದ್ದೀಯಾ. ಕನಸನ್ನು ಪಂಚಾಯಿತಿಯ ಮುಂದೆ ಇಡಲೇ? ಏಡಿಗಳು ಚೆನ್ನಾಗಿವೆ, ನಿನ್ನನ್ನು ಕೇಳಿದವು ಎಂದು ಹೇಳಲೇ?

ನಿನ್ನ ಕಾಲಿನ ವಿಷಯ ಲಾರಿ ಡ್ರೈವರ್ ಇದ್ರಿಸುವನ್ನು ಕೇಳಿದೆ. ನಿನ್ನ ಪತ್ರ ತಂದುಕೊಟ್ಟವನು ಅವನೇ ತಾನೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. “ಆ ಟೈಲರ್ ತಾತನಾ? ಮೊನ್ನೆ ಮೊನ್ನೆ ಒಂದು ಗಿನಿಕೋಳಿ ಹಿಂದೆ ಮಾರ್ಕೆಟ್ ಪೂರ್ತಿ ಓಡಿದಾರೆ ಕಣಮ್ಮಾ!” ಅಪೆಂಟೆಂಗ್, ಸುಳ್ಳು ಹೇಳುವವನು ಮೊದಲು ಕೋಳಿ ಕಟ್ಟಿಹಾಕಬೇಕು.

ಒಬೆಂಗ್ ಈಗ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ, ನಮ್ಮ ಕಡೆಯವರು ಅನಾಥರಾಗಿ ಬಂದರು, ನಿಮ್ಮವರು ಕನಿಕರಪಟ್ಟು ನೆಲ ಕೊಟ್ಟರು ಎಂದು. ನೀನೂ ಹಾಗೆ ನಂಬಿಬಿಟ್ಟೆಯೋ ಏನೋ, ಅದಕ್ಕೆ ನೆನಪಿಸುತ್ತೇನೆ. ನಮ್ಮ ಹನ್ನೆರಡು ಮನೆಯವರು ಗುಡ್ಡದ ಊರುಗಳಿಂದ ಮೂರು ದಿನ ನಡೆದು ಬಂದರು. ಅಲ್ಲಿ ನೆಲ ಸಾಲದಾಗಿತ್ತು, ಇಲ್ಲಿ ಕಾಡಿಗೆ ಕೈ ಸಾಲದಾಗಿತ್ತು. ಒಟ್ಟುಗೂಡಿ ಕೊಂಡರು. ಬಳ್ಳಿ ಹೊಸೆದ ಹಗ್ಗ ಹಿಡಿದು ಹೊಳೆಯಿಂದ ದಿಬ್ಬದವರೆಗೆ ಅಳೆದರು, ಪ್ರತಿ ಮನೆಗೆ ಒಂದು ಪಟ್ಟಿ. ಅದಕ್ಕೇ ತಾನೆ ನಿನ್ನ ಸೋದರಮಾವನೇ ಈ ಊರಿಗೆ ‘ಹಗ್ಗದ ಮೇಲಿನ ಊರು’, ಅಹೊಮಾಸೊ, ಎಂದು ಹೆಸರಿಟ್ಟು ನಕ್ಕದ್ದು? ಮೊದಲು ಬಾಳೆ, ಕೆಸು. ಅದರ ನೆರಳಿನಲ್ಲಿ ಕೋಕೋ ಸಸಿ. ಐದು ವರ್ಷ ನಾವು ಬಾಳೆಕಾಯಿ ಕುಟ್ಟಿ ಫುಫು ಮುದ್ದೆ ತಿಂದು, ಒಂದು ಹಣ್ಣಿಗಾಗಿ ಕಾದೆವು. ಮೊದಲ ಹಳದಿ ಕಾಯಿ ಒಡೆದ ದಿನ ಅಪ್ಪ ಬೀಜದ ಮೇಲಿನ ಬಿಳಿ ತಿರುಳನ್ನು ಚೀಪುತ್ತ ಮಗುವಿನ ಹಾಗೆ ಅತ್ತ. ಕೋಕೋಗೆ ರೋಗ ಬಂದ ವರ್ಷ ಸರ್ಕಾರದವರು ಸಾಲು ಸಾಲು ಮರ ಕಡಿದರು, ಆಗಲೂ ಮತ್ತೆ ನೆಟ್ಟೆವು. ಇದು ಕನಿಕರದ ನೆಲವೇ?

ಊರಿನಲ್ಲಿ ಹಸಿವು. ಈ ವರ್ಷ ಎಲ್ಲರ ಕುತ್ತಿಗೆಯಲ್ಲೂ ಕೊರಳ ಮೂಳೆಯ ಸರ ಎಂದು ಹುಡುಗಿಯರು ತಮಾಷೆ ಮಾಡುತ್ತಾರೆ. ನನ್ನ ಸರವೂ ಚೆನ್ನಾಗಿ ಕಾಣುತ್ತಿದೆ. ಮರಗೆಣಸು ಬಲಿಯುವ ಮುಂಚೆಯೇ ಅಗೆಯುತ್ತೇವೆ. ತಗ್ಗಿನಲ್ಲಿ ಮಾತ್ರ ಕೆಸು ಇದೆ, ಯಾರು ಕೇಳಿದರೂ ಕೊಡುತ್ತೇನೆ. ಒಬೆಂಗನ ಹೆಂಡತಿ ಬಂದರೂ ಕೊಟ್ಟೆ.

ನನ್ನ ಕವಡೆ ಇದ್ದಲ್ಲೇ ಇವೆ. ನೀನು ಬಾ.

ಅಸಾಬೆಯಾ


ಟಮಾಲೆ
೧೪ ಆಗಸ್ಟ್ ೧೯೮೩

ಅಸಾಬೆಯಾ,

ಇದ್ರಿಸು ಇನ್ನು ಮುಂದೆ ನನ್ನ ಹತ್ತಿರ ಅಂಗಿ ಹೊಲಿಸಲಿ, ಒಂದು ತೋಳು ಇಡುವುದೇ ಇಲ್ಲ.

ಒಂದು ವಿಷಯ ಮುಚ್ಚಿಟ್ಟಿದ್ದೆ, ಹೇಳಿಬಿಡುತ್ತೇನೆ. ನಿನ್ನ ಮೊದಲ ಪತ್ರ ಬರುವ ಮುಂಚೆಯೇ ಒಬೆಂಗ್ ಇಲ್ಲಿಗೆ ಬಂದಿದ್ದ. ಎರಡು ಬಾಟಲಿ ಜಿನ್ ತಂದಿದ್ದ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಹೊದ್ದ ಬಟ್ಟೆಯನ್ನು ಸೊಂಟದ ತನಕ ಇಳಿಸಿ ನಮಸ್ಕಾರ ಮಾಡಿದ. ಬೆಳೆದ ಗಂಡಸು, ಆದರೆ ಕುತ್ತಿಗೆ ತಿರುಗಿಸುವ ರೀತಿ ಥೇಟ್ ನಮ್ಮಕ್ಕ.

“ಮಾವಾ, ನೀವು ಬಂದು ಸುಳ್ಳು ಹೇಳಿ ಅಂತ ಕೇಳೋಕೆ ಬಂದಿಲ್ಲ. ನಿಜ ಹೇಳಿ ಅಂತ ಕೇಳೋಕೆ ಬಂದೆ. ಸಾಯೋ ಮುಂಚೆ ಅಮ್ಮ ಹೇಳಿದ್ಲು, ಎಲ್ಲೆ ಆಮೆಬಂಡೆ ಹತ್ರ ಅಂತ. ನಂಗೂ ನಾಲ್ಕು ಮಕ್ಳು. ನನ್ ತೋಟಾನೂ ಸುಟ್ಟೋಗಿದೆ.”

“ನಂಗೆ ವಯಸ್ಸಾಯ್ತು ಕಣೋ. ಏನೂ ನೆನಪಿಲ್ಲ” ಎಂದೆ.

ಅವನು ನನ್ನ ಮುಖವನ್ನೇ ನೋಡಿದ. ಬಾಟಲಿ ಅಲ್ಲೇ ಬಿಟ್ಟು ಹೋದ. ನಾನು ಅವನ್ನು ಮುಟ್ಟಿಲ್ಲ.

ನಿನ್ನೆಯೂ ಅದೇ ಕನಸು. ಈ ಸಲ ಕಾಂಡಗಳು ತಲೆಯ ಮೇಲೆ ಭಾರವಾಗಿದ್ದವು. ನೀನು ಒರತೆಯ ಆಚೆ ದಂಡೆಯಲ್ಲಿ ನಿಂತಿದ್ದೆ, ಒಂಬತ್ತು ವರ್ಷದವಳು, ಆದರೆ ಕೂದಲು ಬೆಳ್ಳಗೆ.

ಬರಲಾರೆ, ಅಸಾಬೆಯಾ. ಏಕೆಂದು ಕೇಳಬೇಡ.

ಅಪೆಂಟೆಂಗ್


ಅಹೊಮಾಸೊ
೩ ಸೆಪ್ಟೆಂಬರ್ ೧೯೮೩

ಶ್ರೀಮಾನ್ ಅಪೆಂಟೆಂಗ್ ಅವರಿಗೆ,

ತಮ್ಮ ಪತ್ರ ತಲುಪಿತು. ರಕ್ತ ನೀರಿಗಿಂತ ಗಟ್ಟಿ ಎನ್ನುವುದು ತಿಳಿದಿತ್ತು. ಎರಡು ಬಾಟಲಿ ಜಿನ್ನಿಗಿಂತಲೂ ಗಟ್ಟಿಯೋ ಎಂಬುದಷ್ಟೇ ತಿಳಿಯಬೇಕಾಗಿತ್ತು.

ಪಂಚಾಯಿತಿ ಅಕ್ಟೋಬರ್ ಕೊನೆಯ ಶುಕ್ರವಾರ ಕೂರುತ್ತದೆ. ತಾವು ಬರುವ ಅಗತ್ಯವಿಲ್ಲ. ತಮ್ಮ ಕಾಲುಗಳು ಗಿನಿಕೋಳಿಗಳಿಗಾಗಿ ಕ್ಷೇಮವಾಗಿರಲಿ.

ಇಲ್ಲಿ ಎರಡು ಮಳೆ ಬಿತ್ತು.

ಅಸಾಬೆಯಾ


ಟಮಾಲೆ
೩೦ ಸೆಪ್ಟೆಂಬರ್ ೧೯೮೩

ಅಸಾಬೆಯಾ,

ನನ್ನನ್ನು ‘ತಾವು’ ಎಂದವಳು ನೀನೇ ಮೊದಲು. ಇಲ್ಲಿನ ಕತ್ತೆಗಳೂ ನನಗೆ ಅಷ್ಟು ಮರ್ಯಾದೆ ಕೊಡುವುದಿಲ್ಲ. ಆ ಪತ್ರ ಓದಿ ಎರಡು ದಿನ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ.

ಹೇಳುತ್ತೇನೆ ಕೇಳು. ನಾವು ಕವಡೆ ದಾರ ಹರಿದ ದಿನ ಬೆಳಿಗ್ಗೆ ನೀನು ಒರತೆಯ ಹತ್ತಿರ ಅಳುತ್ತ ಕೂತಿದ್ದೆ. ಹಗ್ಗ ಆಮೆಬಂಡೆಗೆ ನಿಂತುಬಿಟ್ಟಿದೆ, ಒರತೆ ನಿಮ್ಮ ಪಾಲಿಗೆ ಬರಲಿಲ್ಲ ಎಂದು. “ಇನ್ಮೇಲೆ ನೀರಿಗೆ ಬಂದ್ರೆ ನಿಮ್ ಮನೆಯವ್ರನ್ನ ಕೇಳ್ಬೇಕು. ಆಟಕ್ಕೆ ಬಂದ್ರೂ ಕೇಳ್ಬೇಕು” ಎಂದೆ ನೀನು. ಮೂಗು ಸೋರುತ್ತಿತ್ತು. ಹನ್ನೊಂದು ವರ್ಷದವನಿಗೆ ಏನು ಹೇಳಲು ಗೊತ್ತಿರುತ್ತದೆ?

ಮಧ್ಯಾಹ್ನ ಹಿರಿಯರು ಹೆಂಡ ಎರೆದು, ಕುಡಿದು, ನನ್ನ ತಲೆಯ ಮೇಲೆ ಏಳು ಕಾಂಡ ಹೊರಿಸಿದರು. ಆರನ್ನು ಅವರ ಎದುರೇ ನೆಟ್ಟೆ. ಏಳನೆಯದರ ಹೊತ್ತಿಗೆ ಅವರು ಮರದ ನೆರಳಲ್ಲಿ ಮಲಗಿಬಿಟ್ಟಿದ್ದರು. ಸೋದರಮಾವ ಕಣ್ಣು ಮುಚ್ಚಿಕೊಂಡೇ, “ಬಂಡೆ ಹತ್ರ ನೆಟ್ಟು ಬಾರೋ” ಎಂದ. ನಾನು ಬಂಡೆ ದಾಟಿದೆ. ತಗ್ಗಿಗೆ ಇಳಿದೆ. ಒರತೆ ದಾಟಿದೆ. ಬೂರುಗದ ಬುಡದಲ್ಲಿ ಕೈಯಿಂದಲೇ ಮಣ್ಣು ಬಗೆದು ನೆಟ್ಟು ಬಂದೆ. ಆ ಗಿಡದ ಜಾತಿ ನಿನಗೆ ಗೊತ್ತಲ್ಲ, ಎಸೆದರೂ ಬೇರು ಬಿಡುತ್ತದೆ.

ಒಬೆಂಗ್ ಹೇಳುವುದು ನಿಜ. ತಗ್ಗು ಮಾರಿದ್ದಲ್ಲ. ಅದು ನಾನು ನಿನಗೆ ಕೊಟ್ಟದ್ದು. ಕೊಡುವ ಹಕ್ಕು ನನಗಿರಲಿಲ್ಲ, ಅಷ್ಟೇ.

ನಾನು ಬಂದರೆ ಮೊದಲು ಹಿರಿಯರ ಹೆಸರಲ್ಲಿ ಹೆಂಡ ಎರೆಯುತ್ತಾರೆ. ಆಮೇಲೆ ಕೇಳುತ್ತಾರೆ. ಸತ್ತವರನ್ನೆಲ್ಲ ಕರೆದು ಕೂರಿಸಿಕೊಂಡು ಸುಳ್ಳು ಹೇಳಲು ನನ್ನಿಂದಾಗದು. ನಿಜ ಹೇಳಿದರೆ ತಗ್ಗು ನಿನ್ನ ಕೈ ತಪ್ಪುತ್ತದೆ. ಬರದಿದ್ದರೆ ಗಿಡವೇ ಸಾಕ್ಷಿ, ನೀನು ಗೆಲ್ಲಲೂಬಹುದು. ಅದಕ್ಕೇ ಕಾಲು ನೋವು. ಒಬೆಂಗನ ಬಾಟಲಿಗಾಗಿ ಅಲ್ಲ.

ಇನ್ನೊಂದು. ‘ಇದ್ದಲ್ಲೇ ಇವೆ’ ಎಂದು ಕವಡೆಯ ಬಗ್ಗೆ ಬರೆದೆಯಲ್ಲ, ಆಗಲೇ ತಿಳಿಯಿತು ನಿನ್ನ ಹತ್ತಿರ ಇಲ್ಲವೆಂದು. ಏನಾದರೂ ಕಳೆದಾಗ ನೀನು ಚಿಕ್ಕವಳಿದ್ದಾಗಲೂ ಹೀಗೇ ಹೇಳುತ್ತಿದ್ದೆ. ಇದರ ಜೊತೆ ನನ್ನ ಮೂರನ್ನು ಕಳಿಸಿದ್ದೇನೆ. ನಿನ್ನವೆಂದೇ ತೋರಿಸು. ಕವಡೆಯ ಮೇಲೆ ಯಾರ ಹೆಸರೂ ಬರೆದಿರುವುದಿಲ್ಲ.

ನಿನ್ನ ಮದುವೆಯ ಹೆಂಡ ಕುಡಿದ ಮರುದಿನವೇ ನಾನು ಲಾರಿ ಹತ್ತಿದೆ. ಅದು ಉತ್ತರಕ್ಕೆ, ಈ ಟಮಾಲೆಗೆ ಹೋಗುವ ಲಾರಿ ಎಂಬುದನ್ನೂ ನೋಡಿರಲಿಲ್ಲ. ಇದನ್ನೂ ಹೇಳಿಬಿಡೋಣ ಎನಿಸಿತು.

ಅಪೆಂಟೆಂಗ್


ಅಹೊಮಾಸೊ
೨ ನವೆಂಬರ್ ೧೯೮೩

ಅಪೆಂಟೆಂಗ್,

ನೀನು ನೆಟ್ಟದ್ದನ್ನು ನಾನು ನೋಡಿದ್ದೆ.

ಕೆಸುವಿನ ಎಲೆಗಳ ಹಿಂದೆ ಕೂತಿದ್ದೆ. ನೀನು ಕೈ ತೊಳೆದು, ಆ ಕಡೆ ಈ ಕಡೆ ನೋಡಿ, ಕಳ್ಳನ ಹಾಗೆ ದಿಬ್ಬ ಹತ್ತಿ ಹೋದೆ. ನೀನು ಹೋದ ಮೇಲೆ ನಾನು ಸೋರೆಬುರುಡೆಯಲ್ಲಿ ಒರತೆಯ ನೀರು ತಂದು ಅದಕ್ಕೆ ಹೊಯ್ದೆ. ಮರುದಿನವೂ ಹೊಯ್ದೆ. ಚಿಗುರುವ ತನಕ ದಿನವೂ ಹೊಯ್ದೆ. ಅಪ್ಪ ಒಂದು ದಿನ ನೋಡಿ, “ಎಲ್ಲೆಗಿಡಕ್ಕೆ ಯಾರಾದ್ರೂ ನೀರು ಹಾಕ್ತಾರೇನೇ?” ಎಂದ. ಗಿಡ ನೋಡಿದ, ಬಂಡೆ ನೋಡಿದ, ನನ್ನ ಮುಖ ನೋಡಿದ. ಮಚ್ಚು ಹೆಗಲಿಗೇರಿಸಿ ಹೊರಟುಹೋದ. ಮತ್ತೆ ಆ ಮಾತೆತ್ತಲಿಲ್ಲ. ಹತ್ತು ವರ್ಷದ ಮೇಲೆ ಅಲ್ಲಿ ಕೋಕೋ ನೆಟ್ಟ.

ಹಾಗಾದರೆ ನೋಡು, ನೀನು ಒಂದು ಸುಳ್ಳನ್ನು ಹೇಳಲಾರದೆ ಆರು ತಿಂಗಳು ಒದ್ದಾಡಿದೆ. ನಾನು ಅದು ಸುಳ್ಳೆಂದು ತಿಳಿದೂ ನಿನ್ನನ್ನು ಹೇಳು ಬಾ ಎಂದು ಕರೆದೆ. ಬರದಿದ್ದಕ್ಕೆ ‘ತಾವು’ ಎಂದು ಬೈದೆ. ನೀನು ಮರೆತಿರಲಿ ಎಂದು ಹಾರೈಸಿದ್ದೆ. ಮರೆತಿದ್ದರೆ ಎಷ್ಟು ನೋಯುತ್ತಿತ್ತು ಎಂಬುದು ಈಗ ಗೊತ್ತಾಗುತ್ತಿದೆ.

ನನ್ನ ಕವಡೆ ತೋಟದ ಗುಡಿಸಲಿನ ತಗಡಿನ ಡಬ್ಬಿಯಲ್ಲಿದ್ದವು. ಬೆಂಕಿ ಆರಿದ ಮೇಲೆ ತೆರೆದರೆ ಮೂರು ಚಿಟಿಕೆ ಸುಣ್ಣ. ಊದಿದರೆ ಹಾರಿ ಹೋಗುವಷ್ಟು. ಊದಲಿಲ್ಲ, ಡಬ್ಬಿ ಮುಚ್ಚಿಟ್ಟೆ. ಇದ್ದಲ್ಲೇ ಇವೆ ಎಂದದ್ದು ಅದಕ್ಕೆ.

ಈಗ ಶುಕ್ರವಾರದ ಕಥೆ. ದೊರೆಯ ಅಂಗಳ ತುಂಬಿತ್ತು. ನಮ್ಮ ಮುದಿ ರಾಜಮಾತೆಯೂ ಬಂದು ಕೂತಿದ್ದಳು, ಎಂಬತ್ತೆಂಟು ವರ್ಷ, ಹಲ್ಲು ಒಂದೂ ಇಲ್ಲ, ಕಣ್ಣು ಮಾತ್ರ ಗಿಡುಗನದು. ಹೆಂಡ ಎರೆದರು. ಒಬೆಂಗ್ ತನ್ನ ಮಾತು ಹೇಳಿದ. ಆಮೇಲೆ ನನ್ನನ್ನು ಕೇಳಿದರು. ನಿನ್ನ ಮೂರು ಕವಡೆ ನನ್ನ ಸೆರಗಿನಲ್ಲಿದ್ದವು. ನನ್ನವು ಎಂದರೆ ಮುಗಿಯುತ್ತಿತ್ತು. ಹೆಂಡ ಬಿದ್ದ ಕಡೆ ನೆಲ ಇನ್ನೂ ಒದ್ದೆಯಾಗಿತ್ತು. ಅದನ್ನೇ ನೋಡುತ್ತಿದ್ದೆ. ಅಪ್ಪ ಮಚ್ಚು ಹೆಗಲಿಗೇರಿಸಿ ಅಲ್ಲೆಲ್ಲೋ ನಿಂತಿದ್ದಾನೆ ಎನಿಸಿತು. ಒಂದು ಕೈಯಲ್ಲಿ ನಿನ್ನ ಕವಡೆ, ಇನ್ನೊಂದು ಕೈಯಲ್ಲಿ ಸುಣ್ಣದ ಡಬ್ಬಿ ಹಿಡಿದು ಎಲ್ಲವನ್ನೂ ಹೇಳಿದೆ. ಕೆಸುವಿನ ಎಲೆಯ ವಿಷಯ, ನೀರು ಹೊಯ್ದ ವಿಷಯ, ಎಲ್ಲ.

ಆಮೇಲೆ ರಾಜಮಾತೆ ನಗಲು ಶುರು ಮಾಡಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು.

“ಅಲ್ವೇ, ಗಂಡಸ್ರು ಚಿನ್ನ ಕೊಡ್ತಾರೆ, ಬಟ್ಟೆ ಕೊಡ್ತಾರೆ. ಕಾಡೇ ಕೊಟ್ಟ ಗಂಡನ್ನ ಬಿಟ್ಟು ಇನ್ಯಾರನ್ನೋ ಮದುವೆ ಆದ್ಯಲ್ಲೇ, ಹುಚ್ಚಿ!”

ಅರವತ್ತೆಂಟು ವರ್ಷಕ್ಕೆ ನನ್ನ ಮುಖ ಬಿಸಿಯಾಯಿತು. ಒಬೆಂಗ್ ಮಾತ್ರ ನಗಲಿಲ್ಲ. “ಅಮ್ಮಾ, ನೀವು ಹೇಳ್ದೆ ಇದ್ದಿದ್ರೆ ನಾನು ಸೋಲ್ತಿದ್ದೆ” ಎಂದ. ದನಿ ಸಣ್ಣದಾಗಿತ್ತು.

ತೀರ್ಪು ಹೀಗಾಯಿತು. ನೆಲ ನಿಮ್ಮ ಮನೆತನದ್ದು. ಮರ ನೆಟ್ಟವರದ್ದು. ಕಾಯಿ ಇಬ್ಬರಿಗೂ ಸಮಪಾಲು, ಬೀಜ ಕೇಳಿದವರಿಗೆಲ್ಲ ಕೊಡಬೇಕು. ಒಬೆಂಗ್ ತಲೆಯಾಡಿಸಿದ. ಎಲ್ಲರೂ ಏಳಬೇಕು ಎನ್ನುವಾಗ ರಾಜಮಾತೆ ಕೋಲು ಕುಟ್ಟಿದಳು.

“ಕೂತ್ಕೊಳ್ರೋ. ಎಲ್ಲೆಗಿಡ ಇನ್ನೂ ಒರತೆ ಆಚೆ ಇದೆ. ಎಲ್ಲೆಗಿಡಾನ ನೆಟ್ಟ ಕೈಯೇ ಕೀಳ್ಬೇಕು, ಬೇರೆ ಕೈ ಮುಟ್ಟಿದ್ರೆ ಮನೆ ಹಾಳು. ಆ ಕೈ ಟಮಾಲೇಲಿದೆ. ಅವ್ನು ಬಂದು ಕಿತ್ತು ಬಂಡೆ ಹತ್ರ ನೆಡೋವರ್ಗೂ ತಗ್ಗು ಈಗಿರೋ ಹಾಗೇ ಇರುತ್ತೆ, ಇವ್ಳ ಕೈಯಲ್ಲೇ. ಕಾಯಿ ಪಾಲು ಮಾತ್ರ ಈಗಿಂದ್ಲೇ.”

“ಅವ್ರು ಬರ್ದೇ ಇದ್ರೆ?” ಎಂದು ಯಾರೋ ಕೇಳಿದರು.

“ಬರ್ದೇ ಇದ್ರೆ ಇರುತ್ತೆ” ಎಂದಳು. ನನ್ನ ಕಡೆ ಒಂದು ಕಣ್ಣು ಮಿಟುಕಿಸಿದಳು, ಆಣೆಗೂ.

ಹಾಗಾಗಿದೆ ನೋಡು. ನೀನು ಬಂದರೆ ತಗ್ಗು ಹೋಗುತ್ತದೆ. ಬರದಿದ್ದರೆ ತಗ್ಗು ಉಳಿಯುತ್ತದೆ, ನಿನ್ನನ್ನು ನೋಡದೆಯೇ ನಾನು ಸಾಯುತ್ತೇನೆ. ನಾಲ್ಕು ದಿನ ಯೋಚಿಸಿದೆ. ಮಳೆ ಹಿಡಿದಿದೆ, ಸುಟ್ಟ ಮರಗಳ ಬುಡದಲ್ಲೂ ಅಲ್ಲೊಂದು ಇಲ್ಲೊಂದು ಚಿಗುರು ಕಂಡೆ. ಒರತೆಯ ಹತ್ತಿರ ಕೂತರೆ ನಾವು ಗೀಚಿದ ಅಕ್ಷರ ನೀರಿನ ಕೆಳಗೆ ಇನ್ನೂ ಇದೆಯೇನೋ ಎನಿಸುತ್ತದೆ.

ಬಾ.

ಅಸಾಬೆಯಾ


ಟಮಾಲೆ
೧೮ ಡಿಸೆಂಬರ್ ೧೯೮೩

ಅಸಾಬೆಯಾ,

ನಿನ್ನ ಪತ್ರ ಬಂದ ದಿನ ಒಬೆಂಗನ ಬಾಟಲಿ ತೆರೆದೆ. ಮೊದಲ ಲೋಟ ನೆಲಕ್ಕೆ, ಹಿರಿಯರಿಗೆ. ಎರಡನೆಯದು ನಿನ್ನಪ್ಪನಿಗೆ. ಗಿಡ ನೋಡಿ, ಬಂಡೆ ನೋಡಿ, ಸುಮ್ಮನೆ ನಡೆದ ಆ ಮನುಷ್ಯನಿಗೆ.

ಇಲ್ಲಿ ಒಣಗಾಳಿ ಶುರುವಾಗಿದೆ. ಬೇವಿನ ಮರ ಕಾಣದಷ್ಟು ಧೂಳು. ಕನಸಿನಲ್ಲಿ ಈಗ ತಲೆಯ ಮೇಲೆ ಏನೂ ಇಲ್ಲ. ಬರೀ ನಡೆಯುತ್ತೇನೆ, ಕೆಳಗೆ ಎಲೆ ಮೆತ್ತಗೆ, ಎಲ್ಲೋ ನೀರಿನ ಸದ್ದು. ಎದ್ದ ಮೇಲೂ ಬಹಳ ಹೊತ್ತು ಆ ಸದ್ದು ಇರುತ್ತದೆ.

ಮೂರು ಸಲ ಚೀಲ ಕಟ್ಟಿದೆ. ಮೂರು ಸಲ ಬಿಚ್ಚಿದೆ.

ನನ್ನ ಕಾಲು ಸರಿಯಿಲ್ಲ, ಅಸಾಬೆಯಾ. ಲಾರಿಯಲ್ಲಿ ಎರಡು ದಿನ ಕೂರುವುದು ಆಗದ ಮಾತು. ಇನ್ನು ಎಂದೂ ಆಗದು. ರಾಜಮಾತೆಗೆ ಹಾಗೇ ಹೇಳು. ಕೋಳಿಯನ್ನು ಈ ಸಲ ಕಟ್ಟಿಹಾಕಿದ್ದೇನೆ.

ಏಡಿಗಳನ್ನು ಕೇಳಿದೆ ಎನ್ನು.

ಅಪೆಂಟೆಂಗ್


ಅಹೊಮಾಸೊ
೯ ಜನವರಿ ೧೯೮೪

ಅಪೆಂಟೆಂಗ್,

ನಿನ್ನ ಪತ್ರವನ್ನು ರಾಜಮಾತೆಗೆ ಓದಿ ಹೇಳಿದೆ. “ಪಾಪ, ಕಾಲು ನೋವು” ಎಂದಳು. ಒಬೆಂಗನಿಗೂ ಓದಿದೆ. ಅವನು, “ಮಾವನ್ ಕಾಲು ವಾಸಿ ಆಗೋದು ಬೇಡ ಬಿಡಿ, ಪಾಲು ಹೇಗಿದ್ರೂ ಬರ್ತಿದೆಯಲ್ಲ” ಎಂದ. ಅವನ ಹೆಂಡತಿ ಇನ್ನೂರು ಸಸಿ ಬುಟ್ಟಿಗಳಲ್ಲಿ ಎಬ್ಬಿಸಿದ್ದಾಳೆ. ನನ್ನ ಅಂಗಳದಲ್ಲೂ ಸಸಿಗಳದ್ದೇ ಜಾತ್ರೆ, ಕಾಲಿಡಲು ಜಾಗವಿಲ್ಲ. ಊರವರು ದಿನವೂ ಬಂದು ಒಯ್ಯುತ್ತಾರೆ. ಇನ್ನು ಐದು ವರ್ಷಕ್ಕೆ ಅಹೊಮಾಸೊದಲ್ಲಿ ಯಾವ ಮರ ನೋಡಿದರೂ ಅದು ನಿನ್ನ ಸುಳ್ಳಿನ ಮೊಮ್ಮಗು.

ಈಗ ಕೇಳು. ತೀರ್ಪಿನಲ್ಲಿ ನಿನ್ನ ಕೈಯ ಮಾತಿತ್ತು, ನಿನ್ನ ಕಾಲಿನ ಮಾತಿತ್ತು. ನನ್ನ ಕಾಲಿನ ಮಾತನ್ನು ಯಾರೂ ಎತ್ತಲಿಲ್ಲ. ಅವು ಚೆನ್ನಾಗಿವೆ.

ಈ ಕಾಗದವನ್ನು ಇದ್ರಿಸುವಿಗೆ ಕೊಟ್ಟಿದ್ದೇನೆ. ಅವನ ಮುಂದಿನ ಲಾರಿಯಲ್ಲಿ, ಅಂದರೆ ಸೋಮವಾರ, ನಾನೇ ಹೊರಡುತ್ತೇನೆ. ಚೀಲದಲ್ಲಿ ತಗ್ಗಿನ ಹಳದಿ ಕಾಯಿ ಎರಡು ಇವೆ, ತಿರುಳು ಚೀಪಲು. ಒಂದು ಬೇಯಿಸಿದ ಮೊಟ್ಟೆಯೂ ಇದೆ. ಅದು ನನ್ನದು, ಮುಟ್ಟಿದರೆ ನೋಡು.

ನೀರಿಗೆ ಬಂದವಳು ಊರಿಗೆ ಬರದೆ ಇರುತ್ತಾಳೆಯೇ?

ಅಸಾಬೆಯಾ